ರೆಫರಿಯ ಮೂಗು

ರಾಜೇಶ್ವರಮ್ಮ ಸ್ಟ್ರೆಚರ್ ಮೇಲೆ ಬರಲಿಲ್ಲ, ಯಾರ ಹೆಗಲಿಗೂ ಆತುಕೊಂಡು ಬರಲಿಲ್ಲ. ಭಾನುವಾರ ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಸೊರಬದ ಆ ನರ್ಸಿಂಗ್ ಹೋಮಿನ ಮೆಟ್ಟಿಲನ್ನು ತಾವೇ ಹತ್ತಿ, ಬಾಗಿಲಲ್ಲಿ ಕ್ಯಾನ್ವಾಸ್ ಶೂ ಬಿಚ್ಚಿಟ್ಟು, ರಕ್ತದಲ್ಲಿ ತೊಯ್ದ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡೇ ಕೌಂಟರಿನಲ್ಲಿ ಹೆಸರು ಬರೆಸಿದರು. ವಯಸ್ಸು ನಲವತ್ತೊಂಬತ್ತು. ಊರು ಕುಬಟೂರು. ಏನಾಯಿತು ಎಂದು ಕೇಳಿದ್ದಕ್ಕೆ "ಹೊಡೆದ್ರು" ಎಂದರು. ಬಿದ್ದೆ ಅನ್ನಲಿಲ್ಲ, ತಾಗಿತು ಅನ್ನಲಿಲ್ಲ.

ಒಳಗಿನ ಕೋಣೆಯಲ್ಲಿ ಆರು ಗಂಟೆಯ ಶಿಕಾರಿಪುರದ ಬಸ್ಸಿಗೆ ಹೊರಡಲು ಬ್ಯಾಗು ಜೋಡಿಸುತ್ತಿದ್ದ ಡ್ಯೂಟಿ ಡಾಕ್ಟರ್ ಅಶ್ವಿನಿಗೆ ಆ ಮಾತು ಕೇಳಿಸಿತು. ಆಕೆ ಆ ನರ್ಸಿಂಗ್ ಹೋಮಿಗೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಹೊಡೆತ ತಿಂದು ಬಂದ ಹೆಂಗಸರನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವರೆಲ್ಲ ಬಚ್ಚಲಲ್ಲಿ ಜಾರಿದವರು, ಬಾಗಿಲು ಬಡಿಸಿಕೊಂಡವರು, ಹಸು ಹಾಯಿಸಿಕೊಂಡವರು. ಹೊಡೆದರು ಎಂದು ಮೊದಲ ಮಾತಿಗೇ ಹೇಳಿದವರು ಇವರೇ. ಅಶ್ವಿನಿ ಬ್ಯಾಗನ್ನು ಕೆಳಗಿಟ್ಟಳು.

ನಡೆದದ್ದು ಇಷ್ಟು. ರಾಜೇಶ್ವರಮ್ಮ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿ. ಸುತ್ತಮುತ್ತ ಕಬಡ್ಡಿಗೆ ಲೈಸೆನ್ಸ್ ಇದ್ದ ಒಬ್ಬರೇ ಹೆಂಗಸು ರೆಫರಿ. ಆ ದಿನ ಗಂಡಸರ ಟೂರ್ನಮೆಂಟಿನ ಫೈನಲ್. ಕೊನೆಯ ರೈಡಿನಲ್ಲಿ ಆಟಗಾರನ ಕಾಲಿನ ತುದಿ ಗೆರೆ ದಾಟಿತು, ಅವರು ಔಟ್ ಕೊಟ್ಟರು, ಒಂದು ಅಂಕದಲ್ಲಿ ಆ ತಂಡ ಸೋತಿತು. ಸೋತ ತಂಡಕ್ಕೆ ಬನಿಯನ್ನು, ಊಟ, ವ್ಯಾನು ಎಲ್ಲ ಕೊಡಿಸಿದ್ದವನು ಅಡಿಕೆ ವ್ಯಾಪಾರಿ ಚಂದ್ರಶೇಖರಪ್ಪನವರ ಹಿರಿಮಗ ವೀರೇಶ. ಅವನು ಕುರ್ಚಿಯಿಂದೆದ್ದು ಅಂಕಣಕ್ಕೆ ನುಗ್ಗಿ ಮುಷ್ಟಿ ಕಟ್ಟಿ ಅವರ ಮುಖಕ್ಕೆ ಹೊಡೆದ. ರಾಜೇಶ್ವರಮ್ಮ ಮೊಣಕಾಲೂರಿ ಕುಸಿದರು. ಮತ್ತೆ ಎದ್ದರು. ರಕ್ತ ಗದ್ದದಿಂದ ತೊಟ್ಟಿಕ್ಕುತ್ತಿದ್ದಂತೆಯೇ ಪಂದ್ಯ ಮುಗಿಯಿತೆಂದು ಸೀಟಿ ಊದಿ, ಗೆದ್ದ ತಂಡದ ಕಡೆಗೆ ಕೈ ಎತ್ತಿ ತೋರಿಸಿ, ಆಮೇಲೆ ಆಸ್ಪತ್ರೆಯ ದಾರಿ ಹಿಡಿದರು. ಅವರ ಚೀಲ ಹಿಡಿದುಕೊಂಡು ಹಿಂದೆಯೇ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು ಇದನ್ನೆಲ್ಲ ಬಿಕ್ಕುತ್ತ ಹೇಳಿದರು. ರಾಜೇಶ್ವರಮ್ಮ ಮಾತ್ರ, ಅಳಬೇಕಾದರೆ ಹೊರಗೆ ಹೋಗಿ ಅಳಿ, ಡಾಕ್ಟರಿಗೆ ಕೆಲಸವಿದೆ ಎಂದು ಅವರನ್ನು ಕಳಿಸಿದರು.

ಅಶ್ವಿನಿ ಅವರನ್ನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಗಿಯಾಗಿ ಹಿಡಿಸಿದಳು. ರಕ್ತ ಹತೋಟಿಗೆ ಬಂದ ಮೇಲೆ ಒಂದೊಂದೇ ನೋಡುತ್ತ ಹೋದಳು. ಕಣ್ಣಿಗೆ ಎರಡೆರಡು ಕಾಣುತ್ತಿದೆಯೇ, ಹಲ್ಲು ಕಚ್ಚಿದರೆ ಮೊದಲಿನಂತೆ ಕೂಡುತ್ತದೆಯೇ, ಕೆನ್ನೆ ಮರಗಟ್ಟಿದೆಯೇ. ಮೂಗಿನಿಂದ ರಕ್ತದ ಜೊತೆ ತಿಳಿನೀರು ಇಳಿಯುತ್ತಿದ್ದರೆ ಮಿದುಳಿನ ಪೊರೆಗೆ ಪೆಟ್ಟಾಗಿರಬಹುದೆಂದು ಬಿಳಿ ಗಾಜ್ ಬಟ್ಟೆಯ ಮೇಲೆ ಒಂದು ಹನಿ ಬೀಳಿಸಿ ನೋಡಿದಳು. ಅದೇನೂ ಇರಲಿಲ್ಲ. ಎದ್ದು ಹಿಂದೆ ನಿಂತು ಹಣೆಯ ಮೇಲಿನಿಂದ ಮೂಗನ್ನು ನೋಡಿದಳು, ಮಂಡಿಯೂರಿ ಗದ್ದದ ಕೆಳಗಿನಿಂದ ನೋಡಿದಳು. ಊತ ಆಗಲೇ ಏರಿತ್ತು. ಸೊಟ್ಟಗಾಗಿದೆ ಅನ್ನಿಸಿತು, ಆದರೆ ಆ ಊತದಲ್ಲಿ ಆಣೆ ಮಾಡಿ ಹೇಳುವಂತಿರಲಿಲ್ಲ.

ಇನ್ನು ಉಳಿದದ್ದು ಬೆರಳು. ಎರಡೂ ತೋರುಬೆರಳುಗಳನ್ನು ಕಣ್ಣುಗಳ ನಡುವೆ ಮೂಗಿನ ಬುಡದಲ್ಲಿಟ್ಟು, ಏಣಿನ ಎರಡು ಪಕ್ಕದಲ್ಲಿ ನಿಧಾನಕ್ಕೆ ಕೆಳಗಿಳಿಸುತ್ತ ಬಂದಳು. ಎಡಗಡೆ ಅರ್ಧ ದಾರಿಯಲ್ಲಿ ಬೆರಳ ಕೆಳಗೆ ಹಸಿ ಮರಳು ತುಳಿದಂಥ ಕರಕರ ಸಿಕ್ಕಿತು. ಸ್ವಲ್ಪವೇ ಒತ್ತಿದಾಗ ಮೂಳೆ ಅಲುಗಿತು. ರಾಜೇಶ್ವರಮ್ಮನವರ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು.

"ಇಲ್ಲಿ ಒತ್ತಿದ್ರೆ ಜಾಸ್ತಿ ನೋವಾ?"

"ನೀವು ಒತ್ತದೇನೂ ಬ್ಯಾಡ ಡಾಕ್ಟ್ರೇ. ಸುಮ್ನೆ ನೋಡಿದ್ರೂ ನೋಯ್ತದೆ."

ಅದರ ಕೆಳಗೆ, ಒಂದು ಭತ್ತದ ಕಾಳಿನಷ್ಟು ದೂರದಲ್ಲಿ, ಬೆರಳಿಗೆ ಇನ್ನೊಂದು ಉಬ್ಬು ತಾಗಿತು. ಅದು ಗಟ್ಟಿಯಾಗಿತ್ತು, ಅಲುಗಲಿಲ್ಲ, ಒತ್ತಿದರೆ ನೋಯಲೂ ಇಲ್ಲ. ಮೊದಲು ಯಾವಾಗಲಾದರೂ ಮೂಗಿಗೆ ಪೆಟ್ಟಾಗಿತ್ತೇ ಎಂದು ಅಶ್ವಿನಿ ಕೇಳಿದಳು. ಮೂವತ್ತು ವರ್ಷದ ಹಿಂದೆ ದಾವಣಗೆರೆಯಲ್ಲಿ ಆಡುವಾಗ ಎದುರಾಳಿಯ ಮೊಣಕೈ ತಾಗಿ ಮುರಿದಿತ್ತೆಂದೂ, ಆಗ ಹದಿನೈದು ದಿನ ಅರಿಸಿನದ ಪಟ್ಟು ಹಾಕಿ ಸುಮ್ಮನಾದದ್ದೆಂದೂ ರಾಜೇಶ್ವರಮ್ಮ ಹೇಳಿದರು. ಅಶ್ವಿನಿ ಅವರ ಶಾಲೆಯ ಗುರುತಿನ ಚೀಟಿಯನ್ನು ಕೇಳಿ ಪಡೆದು ಫೋಟೋದ ಮೂಗನ್ನೂ ಎದುರಿನ ಮೂಗನ್ನೂ ಹೋಲಿಸಿದಳು. ಫೋಟೋದಲ್ಲಿ ನಡುವೆ ಸಣ್ಣ ದಿಬ್ಬವಿತ್ತು, ಆದರೆ ಮೂಗು ನೇರವಾಗಿತ್ತು.

ಆಮೇಲೆ ಹೊಳ್ಳೆಗಳನ್ನು ಅಗಲಿಸಿ ಟಾರ್ಚು ಬಿಟ್ಟು ನೋಡಿದಾಗ ಅವಳಿಗೆ ಮೂಳೆಗಿಂತ ದೊಡ್ಡ ಚಿಂತೆ ಹಿಡಿಯಿತು. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಪಕ್ಕಕ್ಕೆ ನೇರಳೆ ಬಣ್ಣದಲ್ಲಿ ಉಬ್ಬಿಕೊಂಡಿತ್ತು. ಹತ್ತಿಯ ಕಡ್ಡಿಯಿಂದ ಮುಟ್ಟಿದರೆ ಮೆತ್ತಗೆ ತಗ್ಗುತ್ತಿತ್ತು. ಒಳಗೆ ರಕ್ತ ಕಟ್ಟಿತ್ತು. ಅದನ್ನು ಹಾಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಒಳಗಿನ ಮೆದುಮೂಳೆ ಸತ್ತು, ಮೂಗು ಕೊನೆಗೆ ಕುದುರೆಯ ತಡಿಯಂತೆ ನಡುವೆ ಕುಸಿದುಬಿಡುತ್ತದೆ. ಹೌಸ್ ಸರ್ಜನ್ ಆಗಿದ್ದಾಗ ಅಶ್ವಿನಿ ಅಂಥದ್ದನ್ನು ಎರಡು ಬಾರಿ ಬಿಡಿಸಿದ್ದಳು, ಎರಡೂ ಸಲ ಪಕ್ಕದಲ್ಲಿ ಹಿರಿಯರಿದ್ದರು. ಈಗ ನರ್ಸಿಂಗ್ ಹೋಮಿನ ಮಾಲೀಕ ಡಾಕ್ಟರ್ ಈಶ್ವರ್ ಮದುವೆಗೆಂದು ಹೊರಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಅವಳು ಕೈ ತೊಳೆದಳು, ಮರಗಟ್ಟಿಸುವ ಮದ್ದು ಹಾಕಿದಳು, ಸಣ್ಣದೊಂದು ಕೊಯ್ತ ಕೊಟ್ಟು ಕಪ್ಪು ರಕ್ತವನ್ನು ಹೊರತೆಗೆದು, ಎರಡೂ ಹೊಳ್ಳೆಗೆ ಪಟ್ಟಿ ತುಂಬಿದಳು. ಆರರ ಬಸ್ಸು ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಎಕ್ಸ್-ರೇ ತೆಗೆದವನು ಕಲೀಂ. ಇಪ್ಪತ್ತು ವರ್ಷದಿಂದ ಆ ಹಳೆಯ ಯಂತ್ರದ ಜೊತೆಯಲ್ಲೇ ಇದ್ದವನು, ಮಾತು ಕಡಿಮೆ. ಮೊದಲ ಫಿಲ್ಮ್ ತಂದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ಅದರಲ್ಲಿ ತಲೆಬುರುಡೆ ಚೆನ್ನಾಗಿ ಕಾಣುತ್ತಿತ್ತು, ಮೂಗಿನ ಜಾಗದಲ್ಲಿ ಬರೀ ಕಪ್ಪು. ಅಶ್ವಿನಿ ಏನಾದರೂ ಹೇಳುವ ಮೊದಲು ಅವನೇ ಹೇಳಿದ.

"ತಪ್ಪು ನಂದೇ ಮೇಡಂ. ಬುರುಡೆಗೆ ಕೊಡೋಷ್ಟು ಕೊಟ್ಬಿಟ್ಟೆ. ಮೂಗಿನ ಎಲುಬು ಕಾಗದದಂಗಿರ್ತದೆ, ಸುಟ್ಟೇ ಹೋಗ್ತದೆ. ಕಾಲ್ಬೆರಳಿಗೆ ಕೊಡೋಷ್ಟು ಕೊಡ್ಬೇಕು. ಇನ್ನೊಂದು ತೆಗಿತೀನಿ."

ಎರಡನೆಯ ಫಿಲ್ಮಿನಲ್ಲಿ ಮೂಗು ಬಂತು. ಮೂಗಿನ ಉದ್ದಕ್ಕೆ ಹೋಗುವ ತೆಳುಗೆರೆಯೊಂದಿತ್ತು. ಅದು ಎಲ್ಲರ ಮೂಗಿನಲ್ಲೂ ನರ ಹಾಯುವ ಸಹಜ ಗೀರು, ಹೊಸಬರು ಅದನ್ನೇ ಮುರಿತವೆಂದು ಬರೆದು ನಗೆಪಾಟಲಾಗುತ್ತಾರೆ. ಅದನ್ನು ಬಿಟ್ಟು ಅಡ್ಡಕ್ಕೆ ಹಾಯುವ ಎರಡು ಗೆರೆಗಳಿದ್ದವು. ಕೆಳಗಿನದು ಮಸುಕು, ಅಂಚು ಮೊಂಡು. ಮೇಲಿನದು ಚೂಪು, ಅಲ್ಲಿ ಮೂಳೆ ಕೂದಲೆಳೆಯಷ್ಟು ಮೆಟ್ಟಿಲಾಗಿ ಜಾರಿತ್ತು. ಅಶ್ವಿನಿ ಪೊಲೀಸ್ ಕೇಸಿನ ರಿಜಿಸ್ಟರು ತೆಗೆದು ಎಲ್ಲವನ್ನೂ ಬರೆದಳು. ಕರಕರ, ಅಲುಗಾಟ, ನೋವು, ಒಳಗೆ ಕಟ್ಟಿದ್ದ ರಕ್ತ, ಎರಡು ಫಿಲ್ಮಿನ ನಂಬರುಗಳು. ಮೂವತ್ತು ವರ್ಷದ ಹಳೆಯ ಮುರಿತವನ್ನೂ ಬರೆದಳು. ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲು ಅವಳ ಕೈ ಬರಲಿಲ್ಲ. ಕೆಳಗೆ ಹೊತ್ತು ಹಾಕಿ ಸಹಿ ಮಾಡಿದಳು.

ವೀರೇಶ ಹೊಡೆದದ್ದು ಅಲ್ಲಿದ್ದ ಅರ್ಧ ಜನರ ಮೊಬೈಲಿನಲ್ಲಿತ್ತು. ಹೊಡೆದಿಲ್ಲ ಎಂದು ಹೇಳುವ ದಾರಿ ಅವರ ಮನೆಯವರಿಗೆ ಇರಲಿಲ್ಲ. ಹಾಗಾಗಿ ಇಡೀ ಜಗಳ ಮೂಳೆಗೆ ಬಂದು ನಿಂತಿತು. ಕಾನೂನಿನ ಲೆಕ್ಕದಲ್ಲಿ ಮೂಳೆ ಮುರಿಯದಿದ್ದರೆ ಅದು ಸಾದಾ ಗಾಯ, ಠಾಣೆಯಿಂದ ಕೋರ್ಟಿಗೆ ಹೋಗಿ ದಂಡ ಕಟ್ಟಿ ಬರುವ ವ್ಯವಹಾರ. ಮೂಳೆ ಮುರಿದಿದ್ದರೆ ಅದು ತೀವ್ರ ಗಾಯ, ಜೈಲಿನ ಮಾತು. ಎರಡರ ನಡುವೆ ಇದ್ದದ್ದು ಅಶ್ವಿನಿ ಬರೆಯಬೇಕಾದ ಗಾಯದ ಸರ್ಟಿಫಿಕೇಟು.

ಸೋಮವಾರ ಬೆಳಿಗ್ಗೆ ಡಾಕ್ಟರ್ ಈಶ್ವರ್ ಅವಳನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡೂ ಫಿಲ್ಮುಗಳಿದ್ದವು. ಅವರು ಕೆಟ್ಟ ಮನುಷ್ಯರೇನಲ್ಲ. ಅಶ್ವಿನಿಗೆ ಹೆರಿಗೆ ಮಾಡಿಸುವುದನ್ನು ಹೇಳಿಕೊಟ್ಟವರು, ಬಡವರನ್ನು ಬಾಗಿಲಿಂದ ಹಿಂದೆ ಕಳಿಸಿದವರಲ್ಲ. ಆದರೆ ನರ್ಸಿಂಗ್ ಹೋಮಿನ ಕಟ್ಟಡ ನಿಂತಿದ್ದದ್ದು ಚಂದ್ರಶೇಖರಪ್ಪನವರ ಜಾಗದಲ್ಲಿ. ಕಪ್ಪಗಿದ್ದ ಮೊದಲ ಫಿಲ್ಮನ್ನು ಕಡತದಲ್ಲಿಟ್ಟು ಮೂಳೆಗೆ ಪೆಟ್ಟು ಕಂಡುಬಂದಿಲ್ಲ ಎಂದು ಬರೆದುಬಿಡು, ಅದು ಸುಳ್ಳೂ ಅಲ್ಲ, ಈ ಫಿಲ್ಮಿನಲ್ಲಿ ಕಾಣುವುದೇ ಇಲ್ಲವಲ್ಲ ಎಂದು ಅವರು ಸಮಾಧಾನವಾಗಿ ಹೇಳಿದರು. ಅಶ್ವಿನಿ ಆಗುವುದಿಲ್ಲ ಎಂದಳು. ಫಿಲ್ಮಿನಲ್ಲಿ ಏನೂ ಕಾಣದಿದ್ದರೂ ಮೂಗು ಮುರಿದಿರಬಹುದು, ಅದನ್ನು ನೀವೇ ನನಗೆ ಹೇಳಿದ್ದಿರಿ ಎಂದಳು.

ಮಂಗಳವಾರ ಮತ್ತೆ ಕರೆ ಬಂತು. ಅಷ್ಟರಲ್ಲಿ ಅವರು ರಿಜಿಸ್ಟರನ್ನು ಪೂರ್ತಿ ಓದಿದ್ದರು. ಮೂಗು ಮೂವತ್ತು ವರ್ಷದ ಹಿಂದೆಯೇ ಮುರಿದದ್ದೆಂದು ನೀನೇ ಬರೆದಿದ್ದೀಯ, ಮೂಗಿನ ಹಳೇ ಗೆರೆ ಫಿಲ್ಮಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಳೆಯ ಮುರಿತ ಅಂತ ಒಂದು ಸಾಲು ಬರೆದರೆ ಎಲ್ಲ ಮುಗಿಯಿತು ಎಂದರು.

ಅಶ್ವಿನಿ ನಿಂತೇ ಇದ್ದಳು. "ಸರ್, ನಿನ್ನೆ ಮುರಿದೇ ಇಲ್ಲ ಅಂದ್ರಿ. ಇವತ್ತು ಮೊದಲೇ ಮುರಿದಿತ್ತು ಅಂತೀರಿ. ನಾಳೆ ಏನಂತೀರಿ ಅಂತ ಕೇಳಿಕೊಂಡು ನಾನು ಬರೆಯೋಕೆ ಆಗಲ್ಲ."

ಡಾಕ್ಟರ್ ಈಶ್ವರ್ ಪೇಪರ್‌ವೇಟನ್ನು ತಿರುಗಿಸಿದರು. ಈ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ ಎಂದರು. ಅಶ್ವಿನಿ ಸರಿ ಎಂದು ಹೊರಬಂದಳು. ಔಷಧಿಯ ಕಪಾಟಿನ ಎದುರು ನಿಂತಳು. ಕಲೀಂ ಹತ್ತಿರ ಬಂದು, ಎರಡನೆಯ ಫಿಲ್ಮನ್ನು ತನ್ನ ರಿಜಿಸ್ಟರಿನಿಂದ ಹೊಡೆದುಹಾಕಲು ತನಗೂ ಹೇಳಿದ್ದರೆಂದು ತಿಳಿಸಿದ. ಏನು ಹೇಳಿದೆ ಎಂದು ಕೇಳಿದಳು. ತನ್ನ ರಿಜಿಸ್ಟರಿನಲ್ಲಿ ಇಪ್ಪತ್ತು ವರ್ಷದಿಂದ ಒಂದು ನಂಬರೂ ಹೊಡೆದುಹಾಕಿಲ್ಲ ಎಂದಷ್ಟೇ ಹೇಳಿದೆ ಎಂದ.

ಆ ದಿನ ಶಿಕಾರಿಪುರದ ಮನೆ ಸೇರಿದಾಗ ಜಗಲಿಯ ಮೇಲೆ ಒಂದು ಗೊನೆ ಬಾಳೆಹಣ್ಣು ಇತ್ತು. ಒಳಗೆ ಅವಳ ತಂದೆ ಮಲ್ಲಿಕಾರ್ಜುನಪ್ಪನವರ ಎದುರು ಚಂದ್ರಶೇಖರಪ್ಪ ಕೂತಿದ್ದರು. ಮಲ್ಲಿಕಾರ್ಜುನಪ್ಪನವರದು ಬಟ್ಟೆ ಅಂಗಡಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ನಲವತ್ತು ವರ್ಷದ ಸ್ನೇಹ. ಚಂದ್ರಶೇಖರಪ್ಪ ಒಂದು ಮಾತನ್ನೂ ಜೋರಾಗಿ ಆಡಲಿಲ್ಲ. ಮಗ ಮಾಡಿದ್ದು ತಪ್ಪು, ಆ ಟೀಚರಮ್ಮನ ಕಾಲು ಹಿಡಿಸುತ್ತೇನೆ, ಆಸ್ಪತ್ರೆಯ ಖರ್ಚೆಲ್ಲ ನನ್ನದು ಎಂದರು. ಅವನ ಮದುವೆಗೆ ಹೆಣ್ಣು ಗೊತ್ತಾಗಿದೆ, ಜೈಲು ಎಂಬ ಮಾತು ಬಂದರೆ ಎಲ್ಲ ಮುರಿದು ಬೀಳುತ್ತದೆ ಎಂದರು. ಕೊನೆಗೆ ಅಶ್ವಿನಿಯ ಕಡೆ ತಿರುಗಿ, ನೀನು ನನ್ನ ತೊಡೆಯ ಮೇಲೆ ಆಡಿದ ಕೂಸು ಎಂದರು. ಅಶ್ವಿನಿ ಅವರಿಗೆ ಚಹಾ ತಂದುಕೊಟ್ಟಳು.

ಅವರು ಹೋದ ಮೇಲೆ ತಂದೆ ಮಗಳ ಕಡೆ ತಿರುಗಿದರು.

"ಒಂದ್ ಪದ ಮಗಾ," ಎಂದರು. "ಹೊಸದು ಅನ್ನೋ ಕಡೆ ಹಳೇದು. ಒಂದೇ ಪದ. ಯಾರ ಪ್ರಾಣ ಹೋಗತೈತಿ ಅದ್ರಾಗೆ?"

"ಅಪ್ಪಾಜಿ, ನಾಳೆ ಇನ್ನೊಬ್ಬರು ಬರ್ತಾರೆ. ಅವರದ್ದೂ ಹಳೇದು ಅಂತ ಬರೀಲಾ? ನನ್ನ ಮೂಗೇ ಯಾರಾದ್ರೂ ಒಡೆದ್ರೆ?"

"ನಿನ್ನ ಮಾತು ಬ್ಯಾರೆ."

"ಯಾಕ್ ಬೇರೆ?"

ಮಲ್ಲಿಕಾರ್ಜುನಪ್ಪ ಚಹಾದ ಲೋಟ ಪಕ್ಕಕ್ಕೆ ಸರಿಸಿದರು. ಸಿಟ್ಟಿನಿಂದ ಎದ್ದು ಹೋದರು. ಮರುದಿನದಿಂದ ಮಗಳ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯಬೇಕಾದರೆ ಹೆಂಡತಿಗೆ ಹೇಳಿ ಕರೆಸುತ್ತಿದ್ದರು. ಅಶ್ವಿನಿಗೆ ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು. ಆದರೂ ಪ್ರತಿ ರಾತ್ರಿ ಅವರ ಎದುರೇ ತಟ್ಟೆ ಹಾಕಿಕೊಂಡು ಕೂತು ಉಂಡಳು.

ಗುರುವಾರ ಶಿವಮೊಗ್ಗದಿಂದ ಕಿವಿ ಮೂಗು ಗಂಟಲಿನ ಸರ್ಜನ್ ಒಬ್ಬರು ಶಿಕಾರಿಪುರಕ್ಕೆ ಬರುತ್ತಿದ್ದರು. ಪೆಟ್ಟು ಬಿದ್ದ ಐದನೆಯ ದಿನಕ್ಕೆ ಊತ ಇಳಿದಿರುತ್ತದೆ, ಆಗಲೇ ಮೂಗಿನ ನಿಜವಾದ ಆಕಾರ ಗೊತ್ತಾಗುವುದು. ತಡಮಾಡಿದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳುತ್ತದೆ. ಅಶ್ವಿನಿ ಅರ್ಧ ದಿನ ರಜೆ ಹಾಕಿ ರಾಜೇಶ್ವರಮ್ಮನವರನ್ನು ತಾನೇ ಅಲ್ಲಿಗೆ ಕರೆದುಕೊಂಡು ಹೋದಳು. ಕಣ್ಣ ಕೆಳಗಿನ ಕಪ್ಪು ಹಳದಿಗೆ ತಿರುಗಿತ್ತು. ಮೂಗು ಬಲಕ್ಕೆ ವಾಲಿರುವುದು ಈಗ ಯಾರಿಗಾದರೂ ಕಾಣುವಂತಿತ್ತು. ಆ ಹಿರಿಯ ವೈದ್ಯೆ ಅಶ್ವಿನಿಯ ಬರಹ ಓದದೆ, ಎರಡನೆಯ ಫಿಲ್ಮನ್ನೂ ನೋಡದೆ, ಮೊದಲು ತಮ್ಮ ಬೆರಳಿಟ್ಟು ನೋಡಿದರು. ಆಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದರು. ಕೊನೆಗೆ ಬರಹವನ್ನು ಓದಿ, ಒಳಗಿನ ರಕ್ತ ಬಿಡಿಸಿದ್ದು ಯಾರು ಎಂದು ಕೇಳಿದರು. ನಾನು ಎಂದಳು ಅಶ್ವಿನಿ. ಅದನ್ನು ಬಿಡಿಸದಿದ್ದರೆ ಇಷ್ಟು ಹೊತ್ತಿಗೆ ಕೀವಾಗಿರುತ್ತಿತ್ತು ಎಂದು ಹೇಳಿ, ಮರಗಟ್ಟಿಸುವ ಮದ್ದು ಕೊಟ್ಟು, ಒಳಗಿನಿಂದ ಮೂಳೆಯನ್ನು ಎತ್ತಿ ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ ಅದನ್ನು ಸರಿ ಜಾಗಕ್ಕೆ ಕೂರಿಸಿದರು. ಕಟಕ್ಕೆಂದ ಸದ್ದು ಬಾಗಿಲ ಬಳಿ ನಿಂತಿದ್ದ ನರ್ಸಿಗೂ ಕೇಳಿತು. ರಾಜೇಶ್ವರಮ್ಮ ಬಾಯಿಂದ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು.

ಮೂಗಿನ ಮೇಲೆ ಪ್ಲಾಸ್ಟರು ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಾಗ ಅವರು ತಮ್ಮ ಮನೆಗೆ ಬಂದುಹೋದವರ ವಿಷಯ ಹೇಳಿದರು. ಟೂರ್ನಮೆಂಟ್ ಕಮಿಟಿಯವರು, ಊರಿನ ಹಿರಿಯರು, ಗಂಡನ ಅಣ್ಣ. ಎಲ್ಲರೂ ಹೇಳುವುದು ಒಂದೇ, ಹೆಣ್ಣುಮಕ್ಕಳು ಗಂಡಸರ ಆಟಕ್ಕೆ ಹೋಗಬಾರದಿತ್ತು. ಆ ರೈಡರ್ ನಿಜವಾಗಿ ಔಟಾಗಿದ್ದನೋ ಇಲ್ಲವೋ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ ಎಂದರು. ಆಮೇಲೆ ಅಶ್ವಿನಿಯ ಮುಖವನ್ನೇ ನೋಡುತ್ತ ಕೇಳಿದರು.

"ಡಾಕ್ಟ್ರೇ, ನಿಮಗೂ ಕಾಟ ಕೊಡ್ತಿದಾರೆ ಅಂತ ಗೊತ್ತಾತು. ನಾನಂತೂ ಹಿಂದೆ ಸರಿಯಲ್ಲ. ನೀವು ಬರ್ದಿದ್ದು ಹಂಗೇ ಇರ್ತದಾ?"

"ಇರತ್ತೆ."

"ಹಂಗಾರೆ ಸಾಕು." ಮತ್ತೆ ಆ ವಿಷಯ ಎತ್ತಲಿಲ್ಲ. ದಾರಿಯಲ್ಲಿ ಬಿಸಿ ಮಿರ್ಚಿ ತಿನ್ನಬಹುದೇ ಎಂದು ಕೇಳಿದರು. ಒಂದು ವಾರ ಬೇಡ ಎಂದಳು ಅಶ್ವಿನಿ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಸರ್ಟಿಫಿಕೇಟು ಬರೆದಳು. ಮೂಗಿನ ಮೂಳೆಯ ಹೊಸ ಮುರಿತ, ಗಾಯ ತೀವ್ರ ಸ್ವರೂಪದ್ದು. ಅದನ್ನು ಯಾರ ಕೈಗೂ ಕೊಡದೆ ತಾನೇ ಸೊರಬದ ಠಾಣೆಗೆ ಒಯ್ದಳು. ದಾರಿಯಲ್ಲಿ ಚಂದ್ರಶೇಖರಪ್ಪನವರ ಮಂಡಿಯ ಮುಂದೆಯೇ ಹೋಗಬೇಕಿತ್ತು. ಸುತ್ತುದಾರಿಯೊಂದಿತ್ತು, ಅವಳು ಅದನ್ನು ಹಿಡಿಯಲಿಲ್ಲ. ಅಲ್ಲಿ ಅಡಿಕೆ ಚೀಲ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ ನೋಡಿದರು. ಠಾಣೆಯಲ್ಲಿ ಎ.ಎಸ್.ಐ. ಗೋಪಾಲಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು, ನಿಧಾನವಾಗಿ ಸ್ವೀಕೃತಿಯ ಮೊಹರು ಒತ್ತಿ ಕೊಟ್ಟರು. ಕೋರ್ಟಿಗೆ ಬರಬೇಕಾಗುತ್ತದೆ ಮೇಡಂ, ಸುಮಾರು ಸಲ ಬರಬೇಕಾಗುತ್ತದೆ ಎಂದರು. ಬರುತ್ತೇನೆ ಎಂದಳು.

ತಿಂಗಳು ಮುಗಿದ ಮೇಲೆ ಅಶ್ವಿನಿ ಸೊರಬ ಬಿಟ್ಟು ಹೋಗಲಿಲ್ಲ. ಹೋಗುತ್ತಾಳೆಂದೇ ಎಲ್ಲರೂ ತಿಳಿದಿದ್ದರು. ಬಸ್ ನಿಲ್ದಾಣದ ಎದುರು, ಎಲ್ಲರ ಕಣ್ಣಿಗೂ ಬೀಳುವ ಕಡೆ, ಟೈಲರ್ ಒಬ್ಬರು ಖಾಲಿ ಮಾಡಿದ್ದ ಮಳಿಗೆ ಹಿಡಿದು ಬೋರ್ಡು ಹಾಕಿದಳು. ಮೊದಲ ಎರಡು ತಿಂಗಳು ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಚಂದ್ರಶೇಖರಪ್ಪನವರ ಮುಲಾಜಿಗೆ ಬಿದ್ದವರು ಎದುರಿನ ಫುಟ್‌ಪಾತಿನಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ರಾಜೇಶ್ವರಮ್ಮ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಉಳುಕಿದ ಕಾಲು, ತರಚಿದ ಮೊಣಕೈಗಳ ಒಂದು ಮೆರವಣಿಗೆಯನ್ನೇ ಹೊರಡಿಸಿಕೊಂಡು ಬರುತ್ತಿದ್ದರು. ಆ ಮಕ್ಕಳ ಹಿಂದೆ ತಾಯಂದಿರು ಬಂದರು, ತಾಯಂದಿರ ಹಿಂದೆ ಅತ್ತೆಯರು.

ಹದಿನಾಲ್ಕು ತಿಂಗಳ ಮೇಲೆ ಸಾಕ್ಷಿ ಹೇಳುವ ದಿನ ಬಂತು. ವೀರೇಶನ ಪರವಾಗಿ ಬಂದಿದ್ದ ವಕೀಲರು ಹೆಸರುವಾಸಿ, ಮೆಲುದನಿಯವರು. ಕೈಯಲ್ಲಿ ಹಳೆಯ ಪತ್ರಿಕೆಯ ತುಣುಕೊಂದಿತ್ತು, ವಿಶ್ವವಿದ್ಯಾಲಯದ ಆಟಗಾರ್ತಿಯ ಮೂಗಿಗೆ ಪೆಟ್ಟು ಎಂಬ ಸುದ್ದಿ. ಅದನ್ನು ಅವರು ದೊಡ್ಡ ಶೋಧವೆಂಬಂತೆ ಎತ್ತಿ ಹಿಡಿದಾಗ ಅಶ್ವಿನಿ, ಅದು ನನ್ನ ರಿಜಿಸ್ಟರಿನ ನಾಲ್ಕನೆಯ ಸಾಲಿನಲ್ಲೇ ಇದೆ ಎಂದಳು. ನ್ಯಾಯಾಧೀಶರು ರಿಜಿಸ್ಟರಿನ ಪ್ರತಿ ತಿರುಗಿಸಿ ನೋಡಿ ತಲೆಯಾಡಿಸಿದರು. ಅಂದು ಬರೆಯದೆ ಬಿಟ್ಟಿದ್ದರೆ ಈಗ ತನ್ನ ಬಾಯಿ ಕಟ್ಟಿಹೋಗುತ್ತಿತ್ತೆಂದು ಅವಳಿಗೆ ಹೊಳೆಯಿತು.

ವಕೀಲರು ಫಿಲ್ಮಿಗೆ ಬಂದರು.

"ಡಾಕ್ಟರೇ, ಈ ಎಕ್ಸ್-ರೇ ಒಂದನ್ನೇ ನೋಡಿ ಗೆರೆ ಹೊಸದೋ ಹಳೇದೋ ಅಂತ ಖಚಿತವಾಗಿ ಹೇಳೋಕಾಗತ್ತಾ? ಹೌದು ಅಥವಾ ಇಲ್ಲ ಅನ್ನಿ."

"ಇಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲರು ಸಾಕೆಂಬಂತೆ ಕಾಗದ ಮಡಿಚತೊಡಗಿದರು.

"ನಾನಿನ್ನೂ ಮುಗಿಸಿಲ್ಲ ಸರ್," ಎಂದಳು ಅಶ್ವಿನಿ. "ಫಿಲ್ಮ್ ಹೇಳಲ್ಲ, ಬೆರಳು ಹೇಳತ್ತೆ. ಮೂವತ್ತು ವರ್ಷದ ಹಿಂದೆ ಮುರಿದ ಮೂಳೆ ಒತ್ತಿದ್ರೆ ಅಲುಗಲ್ಲ, ಕರಕರ ಅನ್ನಲ್ಲ. ಅದರಿಂದ ರಕ್ತ ಬರಲ್ಲ. ಮೂಗಿನ ಒಳಗೆ ಕಟ್ಟಿದ್ದ ರಕ್ತ ನಾನೇ ಕೈಯಾರೆ ತೆಗೆದೆ. ಆ ಹೆಂಗಸಿನ ಮೂಗಲ್ಲಿ ಎರಡು ಮುರಿತ ಇತ್ತು. ಒಂದಕ್ಕೆ ಮೂವತ್ತು ವರ್ಷ, ಇನ್ನೊಂದಕ್ಕೆ ನಾನು ನೋಡೋ ಹೊತ್ತಿಗೆ ಒಂದು ಗಂಟೆಯೂ ಆಗಿರಲಿಲ್ಲ."

ನಿಮ್ಮ ಬೆರಳಿಗೆ ಹಾಗನ್ನಿಸಿತು ಎಂಬುದಕ್ಕೆ ಏನು ಆಧಾರ ಎಂದು ವಕೀಲರು ಕೇಳಿದರು. ಐದನೆಯ ದಿನ ತನ್ನ ಬರಹ ನೋಡದೆ ಪರೀಕ್ಷೆ ಮಾಡಿದ ಸರ್ಜನ್‌ರ ಬೆರಳಿಗೂ ಹಾಗೇ ಅನ್ನಿಸಿತೆಂದೂ, ಅವರೂ ಸಾಕ್ಷಿಪಟ್ಟಿಯಲ್ಲಿದ್ದಾರೆಂದೂ ಅವಳು ಹೇಳಿದಳು. ಅವಳ ನಂತರ ಕಲೀಂ ಬಂದು ಮೊದಲ ಫಿಲ್ಮ್ ಕಪ್ಪಾದದ್ದು ತನ್ನ ತಪ್ಪಿನಿಂದ ಎಂದು ತುಂಬಿದ ಕೋರ್ಟಿನಲ್ಲಿ ಒಪ್ಪಿಕೊಂಡ. ಅವನು ಈಗಲೂ ಅದೇ ನರ್ಸಿಂಗ್ ಹೋಮಿನಲ್ಲಿದ್ದ. ಆ ಯಂತ್ರ ಬೇರೆ ಯಾರ ಮಾತೂ ಕೇಳುತ್ತಿರಲಿಲ್ಲ.

ಇಂಥ ಕೇಸಿನಲ್ಲಿ ಗಾಯಗೊಂಡವರು ಒಪ್ಪಿದರೆ ರಾಜಿಗೆ ಅವಕಾಶವಿದೆ. ತೀರ್ಪಿಗೆ ಮುಂಚೆ ಚಂದ್ರಶೇಖರಪ್ಪ ಕೋರ್ಟಿನ ಅಂಗಳದಲ್ಲಿ ರಾಜೇಶ್ವರಮ್ಮನವರ ಎದುರು ಬಂದು ಕೈ ಮುಗಿದರು. ವಯಸ್ಸಾದವರು ಹಾಗೆ ನಿಂತದ್ದು ನೋಡಿ ಅಶ್ವಿನಿಗೂ ಒಂದು ಕ್ಷಣ ಕಸಿವಿಸಿಯಾಯಿತು. ರಾಜೇಶ್ವರಮ್ಮ ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ನೀವು ಹೊಡೆದಿಲ್ಲ ಯಜಮಾನ್ರೇ, ನೀವ್ಯಾಕೆ ಕೈ ಮುಗಿತೀರಿ? ಹೊಡೆದವನು ಒಂದು ವರ್ಷದಿಂದ ನನ್ನ ಮುಂದೆ ಬಂದಿಲ್ಲ. ಇವತ್ತೂ ನಿಮ್ಮನ್ನೇ ಕಳಸ್ಯಾನೆ."

ವೀರೇಶ ಹತ್ತು ಹೆಜ್ಜೆ ದೂರದಲ್ಲಿ ಕಾರಿಗೆ ಒರಗಿ ಮೊಬೈಲು ನೋಡುತ್ತಿದ್ದ. ರಾಜೇಶ್ವರಮ್ಮ ರಾಜಿಗೆ ಒಪ್ಪಲಿಲ್ಲ.

ಅವನಿಗೆ ಒಂದು ವರ್ಷ ಶಿಕ್ಷೆಯಾಯಿತು, ಮೇಲೆ ದಂಡ. ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದಾನೆ. ಆ ಮೇಲ್ಮನವಿ ಯಾವಾಗ ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ಅಲ್ಲಿಯೂ ಕರೆದರೆ ಬರುತ್ತೇನೆಂದು ಅಶ್ವಿನಿ ಸರ್ಕಾರಿ ವಕೀಲರಿಗೆ ಹೇಳಿಟ್ಟಿದ್ದಾಳೆ.

ತೀರ್ಪಿನ ದಿನ ಅವಳು ಮನೆ ಸೇರಿದಾಗ ತಂದೆ ಊಟಕ್ಕೆ ಕೂತಿದ್ದರು. ಸುದ್ದಿ ಅವರಿಗೆ ಮುಂಚೆಯೇ ಮುಟ್ಟಿತ್ತು. ಅವಳು ಎಂದಿನಂತೆ ಎದುರಿಗೆ ತಟ್ಟೆ ಹಾಕಿಕೊಂಡಳು. ಮಲ್ಲಿಕಾರ್ಜುನಪ್ಪ ರೊಟ್ಟಿ ಮುರಿಯುತ್ತ, ಅವಳ ಕಡೆ ನೋಡದೆ, ಅಷ್ಟು ತಿಂಗಳ ಮೇಲೆ ಮೊದಲ ಸಲ ಅವಳಿಗೇ ಹೇಳಿದರು.

"ಚಂದ್ರಣ್ಣ ಇನ್ನು ಅಂಗಡಿ ಕಡೆ ಬರಂಗಿಲ್ಲಂತ. ಹೇಳಿ ಕಳ್ಸ್ಯಾನೆ."

"ಬೇಜಾರಾಯ್ತಾ ಅಪ್ಪಾಜಿ?"

"ಆಗಂಗಿಲ್ಲೇನು? ನಲವತ್ತು ವರ್ಷದ ದೋಸ್ತಿ."

ಅಶ್ವಿನಿ ಕ್ಷಮಿಸಿ ಎಂದು ಹೇಳಲಿಲ್ಲ. ಹೇಳುವ ಮನಸ್ಸಿರಲಿಲ್ಲ, ಅವರೂ ಅದನ್ನು ಕಾಯುತ್ತಿರಲಿಲ್ಲ. ತಂದೆ, ನೀನೇ ಬಂದು ಕೂತೆಯಲ್ಲ, ನಿನ್ನ ತಟ್ಟೆಗೆ ಪಲ್ಯ ಯಾರು ಬಡಿಸಬೇಕು ಎಂದು ಗೊಣಗಿ, ಬೋಗುಣಿಯನ್ನು ಅವಳ ಕಡೆಗೆ ಸರಿಸಿದರು.